ಎರಡು ವರ್ಷ ಬೋರ್‌ಹೋಲ್ ಹಿಂದೆಯೇ ಹೋಯ್ತು: ಜಿಯೋಟೆಕ್‌ನಲ್ಲಿ ಈಗಲೇ ಒಂದು ಕವಲು ಹಿಡಿಯಬೇಕಾ?

ಕೆಮ್ಮಣ್ಣು_ಮೈಸೂರು ಕೇಳಿದ್ದು:

ಜಿಯೋಟೆಕ್‌ನಲ್ಲಿ (ಮಣ್ಣು, ಬಂಡೆ, ಅಡಿಪಾಯದ ಎಂಜಿನಿಯರಿಂಗ್) ಎಂ.ಟೆಕ್. ಆಗಿದೆ. ಮೈಸೂರಿನಲ್ಲಿ ಮಣ್ಣು ಪರೀಕ್ಷೆ ಮಾಡುವ ಕಡೆ ಎರಡು ವರ್ಷದ ಅನುಭವ. ಮೈಸೂರು, ಮಂಡ್ಯ, ನಂಜನಗೂಡು, ಟಿ. ನರಸೀಪುರದ ಸುತ್ತಮುತ್ತ ಬೋರ್ ಹಾಕಿಸೋದು, ಎಸ್‌ಪಿಟಿ (ಸುತ್ತಿಗೆ ಬಡಿದು ಮಣ್ಣಿನ ಗಟ್ಟಿತನ ಅಳೆಯುವ ಪರೀಕ್ಷೆ) ಬ್ಲೋ, ಅಂದರೆ ಪೆಟ್ಟು, ಬರೆದುಕೊಳ್ಳೋದು, ಲ್ಯಾಬಿನಲ್ಲಿ ಜರಡಿ, ಲಿಕ್ವಿಡ್ ಲಿಮಿಟ್ (ಮಣ್ಣು ದ್ರವದಂತಾಗುವ ತೇವಾಂಶ), ಡೈರೆಕ್ಟ್ ಶಿಯರ್ (ಮಣ್ಣನ್ನು ಪೆಟ್ಟಿಗೆಯಲ್ಲಿ ಜಾರಿಸಿ ಬಲ ಅಳೆಯೋದು), ಆಮೇಲೆ ವರದಿಯ ಕೊನೇ ಪುಟದಲ್ಲಿ ಎಸ್‌ಬಿಸಿ (ಮಣ್ಣು ಸುರಕ್ಷಿತವಾಗಿ ಹೊರುವ ಭಾರ) ಬರೆಯೋದು. ಕೆಲಸದ ವ್ಯಾಪ್ತಿ ಇಷ್ಟೇ.

ಮುಂದೆ ಕಾಣ್ತಿರೋ ದಾರಿಗಳು: ಬೆಂಗಳೂರಿನ ಡಿಸೈನ್ ಆಫೀಸಿನಲ್ಲಿ ಆಳದ ಬೇಸ್‌ಮೆಂಟ್ ಮತ್ತು ಪ್ಲಾಕ್ಸಿಸ್ (ಮಣ್ಣಿನ ಲೆಕ್ಕದ ಸಾಫ್ಟ್‌ವೇರ್) ಕೆಲಸ, ಜಿಯೋಗ್ರಿಡ್ (ಮಣ್ಣಿಗೆ ಬಲ ಕೊಡುವ ಜಾಲರಿ) ತಯಾರಿಸುವ ಕಂಪನಿಯ ಆರ್‌ಇ ವಾಲ್ (ಜಾಲರಿ ಹಾಸಿ ಬಲಪಡಿಸಿದ ಮಣ್ಣಿನ ತಡೆಗೋಡೆ) ವಿಭಾಗ, ಸುರಂಗ, ಇಲ್ಲಾಂದ್ರೆ ಇಲ್ಲೇ ಇದ್ದು ಎಇ (ಸರ್ಕಾರಿ ಸಹಾಯಕ ಎಂಜಿನಿಯರ್) ಪರೀಕ್ಷೆ. ಭಯ ಎರಡು. ಈಗ ಒಂದನ್ನು ಹಿಡಿದರೆ ಉಳಿದ ಬಾಗಿಲು ಮುಚ್ಚಿಹೋಗುತ್ತಾ? ಹಿಡಿಯದೇ ಇದ್ದರೆ ಇನ್ನು ಐದು ವರ್ಷ ಕಳೆದರೂ "ಬೋರ್ ಹಾಕಿಸೋರು" ಅನ್ನೋ ಹಣೆಪಟ್ಟಿಯೇ ಉಳಿಯುತ್ತಾ? ತಿಳಿದವರು ಹೇಳಿ.

ಗರಸು_ಗುಂಡುಕಲ್ಲು ಉತ್ತರಿಸಿದ್ದು:

ಎರಡನೇ ಭಯದಿಂದ ಶುರು ಮಾಡ್ತೀನಿ. ಎಷ್ಟು ವರ್ಷ ಬೋರ್ ಹಾಕಿಸಿದರೂ ಬೆಳೆಯದವರಲ್ಲಿ ಒಂದು ಕೊರತೆ ಎದ್ದು ಕಾಣುತ್ತೆ. ಎಸ್‌ಬಿಸಿ ಬರೆದ ದಿನವೇ ಅವರ ಪಾಲಿಗೆ ಆ ಸೈಟು ಮುಗೀತು. ಕಟ್ಟಡ ಎಷ್ಟು ಮಿಲಿಮೀಟರ್ ಕೂತಿತು, ಗುಂಡಿ ತೆಗೆದಾಗ ಬೋರ್‌ಲಾಗ್‌ನಲ್ಲಿ (ಯಾವ ಆಳಕ್ಕೆ ಯಾವ ಮಣ್ಣು ಅನ್ನೋ ದಾಖಲೆ) ಬರೆದ ಪದರವೇ ಸಿಕ್ಕಿತಾ, ನೀರು ಎಲ್ಲಿ ಬಂತು, ಇದ್ಯಾವುದೂ ಅವರಿಗೆ ತಲುಪೋದಿಲ್ಲ. ಊಹೆಯನ್ನು ನಿಜದ ಪಕ್ಕ ಇಟ್ಟು ನೋಡದೆ ಜಿಯೋಟೆಕ್‌ನಲ್ಲಿ ಯಾರ ತೀರ್ಮಾನವೂ ಪಕ್ವವಾಗೋದಿಲ್ಲ. ಹಾಗಾಗಿ ಕವಲು ಆರಿಸುವ ಮೊದಲು ಈಗ ಕೈಯಲ್ಲಿರೋ ಕೆಲಸವನ್ನು ಪೂರ್ತಿ ಹಿಂಡಿಕೊಳ್ಳಿ. ಏನೇನು ಹಿಂಡಬಹುದು ಅಂತ ಬರೀತೀನಿ.

ಎಸ್‌ಪಿಟಿ. 63.5 ಕಿಲೋ ಸುತ್ತಿಗೆ, 750 ಮಿ.ಮೀ. ಎತ್ತರದಿಂದ ಬೀಳಬೇಕು, ಮೊದಲ 150 ಮಿ.ಮೀ. ಲೆಕ್ಕಕ್ಕಿಲ್ಲ, ಮುಂದಿನ 300 ಮಿ.ಮೀ.ನ ಬ್ಲೋಗಳೇ ಎನ್. ಇದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಕಡೆ ಟ್ರೈಪಾಡು, ವಿಂಚು, ಹಗ್ಗದಲ್ಲಿ ನಡೆಯುವ ಕೆಲಸದಲ್ಲಿ ಅಂಕಿ ಹಾಳಾಗೋದು ಬೇರೆ ಜಾಗಗಳಲ್ಲಿ. ಡ್ರಮ್ಮಿಗೆ ಹಗ್ಗ ಎರಡು ಸುತ್ತಿಗಿಂತ ಹೆಚ್ಚಿದ್ದರೆ ಸುತ್ತಿಗೆ ಸಲೀಸಾಗಿ ಬೀಳೋದಿಲ್ಲ, ಎನ್ ಸುಳ್ಳೇ ಏರುತ್ತೆ. ಸ್ಪೂನ್‌ನ (ಮಣ್ಣು ಹಿಡಿಯುವ ಕೊಳವೆ) ಶೂ, ಅಂದರೆ ತುದಿಯ ಅಂಚು, ಮೊಂಡಾಗಿದ್ದರೂ ಏರುತ್ತೆ. ಬಾಯಿಗೆ ಒಂದು ಬೆಣಚುಕಲ್ಲು ಸಿಕ್ಕಿಕೊಂಡರೆ 12 ಇರಬೇಕಾದ್ದು 40 ಆಗುತ್ತೆ. ಸ್ಪೂನ್ ಬಿಚ್ಚಿದಾಗ ಒಳಗೆ ಮಣ್ಣು ಎಷ್ಟು ಉದ್ದ ಬಂದಿದೆ ಅಂತ ಅಳೆದರೆ ಗೊತ್ತಾಗಿಬಿಡುತ್ತೆ, ಆ ಉದ್ದವನ್ನು ಲಾಗ್‌ನಲ್ಲಿ ಬರೆಯಿರಿ. ಇದಕ್ಕೆ ತದ್ವಿರುದ್ಧದ ತಪ್ಪು ಗದ್ದೆ ಬಯಲಿನಲ್ಲಿ ಆಗೋದು. ಬೋರ್ ಒಳಗಿನ ನೀರನ್ನು ಬೇಲರ್‌ನಲ್ಲಿ (ನೀರೆತ್ತುವ ಕೊಳವೆ) ಎತ್ತಿ ಖಾಲಿ ಮಾಡಿದ ತಕ್ಷಣ ಹೊರಗಿನ ನೀರು ತಳದಿಂದ ಮರಳನ್ನು ಕುದಿಸಿಕೊಂಡು ಮೇಲೆ ಬರುತ್ತೆ, ಸಡಿಲವಾದ ಆ ಮರಳಿನಲ್ಲಿ ಎನ್ 5 ಬರುತ್ತೆ. ಬೋರ್ ಒಳಗಿನ ನೀರಿನ ಮಟ್ಟ ಯಾವತ್ತೂ ಹೊರಗಿನದಕ್ಕಿಂತ ಕೆಳಗಿಳಿಯಬಾರದು.

ಲೆಕ್ಕದ ತಿದ್ದುಪಡಿಯಲ್ಲೂ ತಲೆ ಓಡಿಸಿ. ಓವರ್‌ಬರ್ಡನ್‌ಗೆ (ಮೇಲಿನ ಮಣ್ಣಿನ ಭಾರ) ತಿದ್ದಿದ ಮೇಲೆ ಎನ್ 24 ಬಂತು, ಪದರ ನೀರಿನ ಕೆಳಗಿನ ನಯ ಮರಳು, ಆಗ ಐಎಸ್ 2131 (ಐಎಸ್ ಅಂದರೆ ಭಾರತೀಯ ಮಾನಕ) ಪ್ರಕಾರ 15 + 0.5 × (24 − 15), ಅಂದರೆ 19.5. ಈ ಡೈಲಾಟೆನ್ಸಿ (ಬಡಿದಾಗ ನಯ ಮರಳು ಹಿಗ್ಗಿ ಎನ್ ಏರೋದು) ತಿದ್ದುಪಡಿ ಹುಟ್ಟಿದ್ದು ನೀರು ತಂದು ಹಾಸಿದ ಮರಳಿಗೆ. ನಮ್ಮಲ್ಲಿ ಬಹುಪಾಲು ಇರೋದು ನೈಸ್ ಶಿಲೆ ಇದ್ದಲ್ಲೇ ಕರಗಿ ಆದ ಗರಸು. ಅದರಲ್ಲಿ ಕಣಗಳ ನಡುವೆ ಹಳೇ ಬಂಧ ಇನ್ನೂ ಉಳಿದಿರುತ್ತೆ. ಕಣ್ಣು ಮುಚ್ಚಿ ಎಕ್ಸೆಲ್ ಶೀಟಿಗೆ ಬಿಡಬೇಡಿ, ಸ್ಪೂನ್‌ನಲ್ಲಿ ಬಂದ ಮಣ್ಣು ನೋಡಿ ತೀರ್ಮಾನಿಸಿ.

ಗುಂಡುಕಲ್ಲು. ಈ ಸೀಮೆಯ ಅತಿ ದೊಡ್ಡ ಮೋಸ ಇದು. ಶಿಲೆ ಈರುಳ್ಳಿ ಸಿಪ್ಪೆಯ ಹಾಗೆ ಸುತ್ತಲೂ ಕರಗಿ ನಡುವೆ ಗಟ್ಟಿ ಗುಂಡು ಉಳಿಯುತ್ತೆ. 4 ಮೀ.ಗೆ ರಿಫ್ಯೂಸಲ್ (ಎಷ್ಟು ಬಡಿದರೂ ಸ್ಪೂನ್ ಇಳಿಯದ ಸ್ಥಿತಿ) ಬಂತು ಅಂತ "ಬಂಡೆ" ಎಂದು ಬರೆದು ಬೋರ್ ನಿಲ್ಲಿಸಿದರೆ, ಪಕ್ಕದ ಕಾಲಂ ಗುಂಡಿಯಲ್ಲಿ 7 ಮೀ.ವರೆಗೂ ಮಣ್ಣೇ ಸಿಗಬಹುದು. ರಿಫ್ಯೂಸಲ್ ಆದ ಮೇಲೆ ಡಬಲ್ ಟ್ಯೂಬ್ ಬ್ಯಾರೆಲ್‌ನಲ್ಲಿ (ಒಳಗೆ ಇನ್ನೊಂದು ಕೊಳವೆ ಇರುವ ಕೊರೆಯುವ ಕೊಳವೆ) ಎನ್‌ಎಕ್ಸ್ ಅಳತೆಯ ಕೋರ್ (ಕೊರೆದು ತೆಗೆದ ಕಲ್ಲಿನ ಕಂಬ) ಕನಿಷ್ಠ 3 ಮೀ. ತೆಗೆಸದೆ ಬಂಡೆ ಎಂಬ ಪದ ಬರೆಯಬೇಡಿ.

ನೀರು. ಮಂಡ್ಯ, ಮದ್ದೂರು, ಪಾಂಡವಪುರದ ನಾಲೆ ಬಯಲಿನಲ್ಲಿ ಏಪ್ರಿಲ್‌ನಲ್ಲಿ ಬೋರ್ ಹಾಕಿ "6 ಮೀ.ವರೆಗೆ ನೀರಿಲ್ಲ" ಅಂತ ಬರೆದ ವರದಿ ಅರ್ಧ ಸತ್ಯ. ಮುಂಗಾರಿನ ಬೆಳೆಗೆ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ಗದ್ದೆ ತುಂಬಿದ ಮೇಲೆ ಅದೇ ಜಾಗದಲ್ಲಿ ನೀರು ಒಂದೂವರೆ ಮೀಟರಿಗೋ, ತಗ್ಗಿನ ಕಡೆ ನೆಲಮಟ್ಟಕ್ಕೋ ಬಂದು ನಿಲ್ಲಬಹುದು. ಇದರ ಬೆಲೆ ಎಷ್ಟು ಅಂತ ಒಂದು ಲೆಕ್ಕ ನೋಡಿ. 2 ಮೀ. ಚೌಕದ ಫೂಟಿಂಗ್ (ಕಾಲಂನ ಅಡಿಪಾಯ), ಆಳ 1.5 ಮೀ., ಸಿ (ಮಣ್ಣಿನ ಅಂಟುಬಲ) ಸೊನ್ನೆ, ಫೈ (ಘರ್ಷಣೆಯ ಕೋನ) 30 ಡಿಗ್ರಿ, ಮಣ್ಣಿನ ತೂಕ ಘನಮೀಟರಿಗೆ 18 ಕಿಲೋನ್ಯೂಟನ್. ಐಎಸ್ 6403ರಂತೆ ಈ ಫೈಗೆ ತಕ್ಕ ಗುಣಕಗಳು ಎನ್‌ಕ್ಯೂ 18.4, ಎನ್‌ಗಾಮಾ 22.4, ಚೌಕದ ಆಕಾರಕ್ಕೆ ಗುಣಕ 1.2 ಮತ್ತು 0.8. ಆಳದ ಗುಣಕ ಬಿಟ್ಟು, ಜನರಲ್ ಶಿಯರ್ (ಮಣ್ಣು ಪೂರ್ತಿ ಜಾರಿ ಸೋಲೋದು) ಅಂತ ಹಿಡಿದರೆ 27 (18 × 1.5) × 17.4 (ಎನ್‌ಕ್ಯೂ − 1) × 1.2 = 564; 0.5 × 18 × 2 × 22.4 × 0.8 = 323. ಕೂಡಿಸಿ ಸುರಕ್ಷತಾ ಗುಣಕ 2.5ರಿಂದ ಭಾಗಿಸಿದರೆ ಸುಮಾರು 355 ಕಿಲೋಪಾಸ್ಕಲ್. ನೀರು ಫೂಟಿಂಗ್ ತಳಕ್ಕೆ ಬಂದರೆ ಎರಡನೇ ಪದ ಅರ್ಧವಾಗಿ 290. ನೆಲಮಟ್ಟಕ್ಕೇ ಬಂದರೆ 27 ಇದ್ದದ್ದು 12ರ ಹತ್ತಿರ ಇಳಿದು ಒಟ್ಟು 165ರ ಆಸುಪಾಸು. ಅರ್ಧಕ್ಕಿಂತ ಕಡಿಮೆ! ಇದು ಶಿಯರ್ ಲೆಕ್ಕ ಮಾತ್ರ. ಸೆಟ್ಲ್‌ಮೆಂಟ್ (ಕಟ್ಟಡ ಎಷ್ಟು ಕೂರುತ್ತೆ) ಲೆಕ್ಕ ಹಾಕಿದರೆ ಬಹಳ ಸಲ ಇನ್ನೂ ಕಡಿಮೆ ಅಂಕಿಯೇ ನಿರ್ಧಾರಕ.

ಲ್ಯಾಬಿನ ವಿಷಯಕ್ಕೆ ಬಂದರೆ ಡೈರೆಕ್ಟ್ ಶಿಯರ್‌ನ ಸಿ ಅಂಕಿಯನ್ನು ಅನುಮಾನದಿಂದ ನೋಡಿ. ಬೇಸಿಗೆಯ ಅರೆಒಣ ಕೆಮ್ಮಣ್ಣನ್ನು ನೆನೆಸದೆ ಪೆಟ್ಟಿಗೆಗೆ ಹಾಕಿದರೆ ಬರುವ ಸಿ ಬಹುಮಟ್ಟಿಗೆ ನೀರಿನ ಹೀರುಬಲ. ಮಳೆ ಬಿದ್ದರೆ ಅದು ಇರೋದಿಲ್ಲ.

ಇಷ್ಟನ್ನು ಬಲ್ಲವರನ್ನು ಯಾವ ಡಿಸೈನ್ ಆಫೀಸೂ "ಬೋರ್ ಹಾಕಿಸೋರು" ಅಂತ ಕರೆಯೋದಿಲ್ಲ.

ಡಯಾಫ್ರಂ_ವಾಲ್ ಉತ್ತರಿಸಿದ್ದು:

ಮೇಲಿನ ಉತ್ತರದಲ್ಲಿ ತಾಂತ್ರಿಕವಾಗಿ ತೆಗೆದುಹಾಕುವಂಥದ್ದು ಏನೂ ಇಲ್ಲ. ಆದರೆ ಕಾಲದ ಬಗ್ಗೆ ಒಂದು ಮಾತು ಸೇರಿಸಲೇಬೇಕು. ತನಿಖೆಯಿಂದ ಡಿಸೈನ್‌ಗೆ ಹೋಗೋದು ಮೂರು, ಹೆಚ್ಚೆಂದರೆ ನಾಲ್ಕನೇ ವರ್ಷದವರೆಗೆ ಸಲೀಸು. ಆಮೇಲೆ ಸಂಬಳದ ಅಂಕಿ ಮೇಲೇರಿರುತ್ತೆ, ಡಿಸೈನ್ ಅನುಭವ ಸೊನ್ನೆ ಇರುತ್ತೆ. ಅದೇ ಸಂಬಳಕ್ಕೆ ಆಫೀಸಿನವರು ಡಿಸೈನ್ ಮಾಡಿದವರನ್ನೇ ತೆಗೆದುಕೊಳ್ತಾರೆ. ಹಾಗಾಗಿ ಹಿಂಡಿಕೊಳ್ಳಿ, ಒಂದು ವರ್ಷದೊಳಗೆ ಹೊರಡಿ.

ಪ್ಲಾಕ್ಸಿಸ್ ಬರುತ್ತೆ ಅನ್ನೋದು ವಿಶೇಷಜ್ಞತೆ ಅಲ್ಲ. ಮೆನು ಒಂದು ತಿಂಗಳಲ್ಲಿ ಕಲಿಯಬಹುದು. ಸಂದರ್ಶನದಲ್ಲಿ ಹಿಡಿಯೋದು ಇಂಥ ಪ್ರಶ್ನೆಗಳಲ್ಲಿ: 10 ಮೀ. ಅಗೆತಕ್ಕೆ ಮೋರ್-ಕೂಲಂಬ್ ಮಾದರಿ ಹಾಕಿದರೆ ತಳ ಯಾಕೆ ಅಷ್ಟೊಂದು ಉಬ್ಬಿ ಕಾಣುತ್ತೆ? ಉತ್ತರ: ಆ ಮಾದರಿಗೆ ಹೊರೆ ಹೇರುವಾಗಲೂ ಇಳಿಸುವಾಗಲೂ ಒಂದೇ ಬಿಗಿತ. ನಿಜದ ಮಣ್ಣು ಹೊರೆ ಇಳಿಸುವಾಗ ಹೆಚ್ಚು ಬಿಗಿ. ಹಾರ್ಡನಿಂಗ್ ಸಾಯಿಲ್ ಮಾದರಿಯಲ್ಲಿ ಇಳಿಸುವ ಬಿಗಿತಕ್ಕೆ ಪ್ರತ್ಯೇಕ ಅಂಕಿ ಇದೆ, ಬೇರೆ ದತ್ತಾಂಶ ಇಲ್ಲದಾಗ ಇ50ರ (ಮಣ್ಣು ಸೋಲುವ ಬಲದ ಅರ್ಧದಲ್ಲಿ ಅಳೆದ ಬಿಗಿತ) ಮೂರು ಪಟ್ಟು ಹಿಡಿಯೋದು ರೂಢಿ. ಎರಡನೇ ಪ್ರಶ್ನೆ ಇನ್ನೂ ಸರಳ, ಆದರೆ ಹೆಚ್ಚು ಜನ ಬೀಳೋದು ಅಲ್ಲೇ: ಸಾಫ್ಟ್‌ವೇರ್ ಕೊಟ್ಟ ಸ್ಟ್ರಟ್ (ಅಗೆತದ ಗೋಡೆಗೆ ಕೊಡುವ ಅಡ್ಡ ಆಸರೆ) ಬಲ ನಂಬಬಹುದಾ? ಕೈಲೆಕ್ಕ ಹಾಕಿ ತೋರಿಸಬೇಕು. ಮರಳು ಮಣ್ಣಿಗೆ ಪೆಕ್ ಒತ್ತಡ ಚಿತ್ರ 0.65 × ಕೆಎ × ಗಾಮಾ × ಎಚ್ (ಕೆಎ ಪಕ್ಕದ ಒತ್ತಡದ ಗುಣಕ, ಗಾಮಾ ಮಣ್ಣಿನ ತೂಕ, ಎಚ್ ಅಗೆತದ ಆಳ). 6 ಮೀ. ಅಗೆತ, ಫೈ 30, ಗಾಮಾ 18 ಅಂದರೆ ಸುಮಾರು 23 ಕಿಲೋಪಾಸ್ಕಲ್. ಇದನ್ನು ಸ್ಟ್ರಟ್‌ನ ಅಡ್ಡ ಅಂತರ, ನೆಟ್ಟ ಅಂತರದಿಂದ ಗುಣಿಸಿ. ಸಾಫ್ಟ್‌ವೇರ್ ಇದರ ಅರ್ಧವೋ ಎರಡರಷ್ಟೋ ಹೇಳಿದರೆ ಇನ್‌ಪುಟ್‌ನಲ್ಲಿ ಏನೋ ಎಡವಟ್ಟಾಗಿದೆ. ಹೆಚ್ಚಿನ ಸಲ ಅದು ನೀರಿನ ಮಟ್ಟ, ಇಲ್ಲವೇ ಅಗೆತದ ಹಂತಗಳ ಕ್ರಮ. ಪೆಕ್ ಚಿತ್ರದಲ್ಲಿ ನೀರಿನ ಒತ್ತಡ ಸೇರಿಲ್ಲ ಅನ್ನೋದನ್ನೂ ಮರೆಯಬೇಡಿ, ಅದನ್ನು ಪ್ರತ್ಯೇಕ ಕೂಡಿಸಬೇಕು.

ಬಾಗಿಲು ಮುಚ್ಚುವ ವಿಷಯ. ಡಿಸೈನ್‌ನಿಂದ ಎಲ್ಲ ಕಡೆಗೂ ಹೋಗಬಹುದು. ಉತ್ಪನ್ನದ ಕಂಪನಿಯಲ್ಲಿ ಕೆಲವು ವರ್ಷ ಕಳೆದರೆ ಕೆಲಸ ನಿಧಾನವಾಗಿ ಮಾರಾಟದ ಕಡೆ ವಾಲುತ್ತೆ, ಅಲ್ಲಿಂದ ವಾಪಸ್ ಬರೋದು ಕಷ್ಟ. ಎಇ ಪರೀಕ್ಷೆ ಬರೆಯುವುದಾದರೆ ಬರೆಯಿರಿ, ಆದರೆ ಪಾಸಾದ ಮೇಲೆ ಜಿಯೋಟೆಕ್ ಕೆಲಸವೇ ಸಿಗುತ್ತೆ ಅಂತ ಲೆಕ್ಕ ಹಾಕಬೇಡಿ.

ಎನ್‌ಎಕ್ಸ್_ಕೋರ್ ಉತ್ತರಿಸಿದ್ದು:

ಮಣ್ಣಿನ ಬಗ್ಗೆಯೇ ಮಾತಾಗ್ತಿದೆ. ಮೈಸೂರು-ಮಂಡ್ಯದಲ್ಲಿ ಕೂತವರಿಗೆ ಕಲ್ಲು ಹತ್ತಿರದ ನೆಂಟ. ಚಾಮುಂಡಿ ಬೆಟ್ಟದ ಗ್ರಾನೈಟು, ಸುತ್ತ ನೈಸು. ಮೆತ್ತನೆ ಕಡಲ ಜೇಡಿಯಲ್ಲಿ ಪಳಗಬೇಕಾದರೆ ಕೊಚ್ಚಿ, ಮುಂಬೈ ಕಡೆ ಹೋಗಲೇಬೇಕು. ವರ್ಟಿಕಲ್ ಡ್ರೈನ್ (ಜೇಡಿಯ ನೀರು ಹೊರತೆಗೆಯುವ ನೆಟ್ಟ ದಾರಿ), ಪ್ರೀಲೋಡಿಂಗ್ (ಮೊದಲೇ ಭಾರ ಹೇರಿ ಮಣ್ಣು ಕೂರಿಸೋದು) ಇಲ್ಲಿ ಕಲಿಯೋಕೆ ಸಿಗೋದೇ ಇಲ್ಲ. ಶಿಲೆ ಮಾತ್ರ ಮನೆ ಬಾಗಿಲಲ್ಲೇ ಇದೆ.

ಸುರಂಗಕ್ಕೆ ಹೋಗುವವರು ಮೊದಲ ದಿನದಿಂದ ಮಾಡಬೇಕಾದ್ದು ಫೇಸ್ ಮ್ಯಾಪಿಂಗ್ (ಸುರಂಗದ ಎದುರು ಮುಖದ ಕಲ್ಲು, ಬಿರುಕು ದಾಖಲಿಸೋದು). ಆರ್‌ಎಂಆರ್‌ನ (ಶಿಲೆಯ ಗುಣಮಟ್ಟಕ್ಕೆ ಅಂಕ ಕೊಡುವ ಪದ್ಧತಿ) ಅಂಕಗಳು ಬಾಯಿಪಾಠ ಇರಲಿ: ಶಿಲೆಯ ಬಲಕ್ಕೆ 15, ಆರ್‌ಕ್ಯೂಡಿಗೆ (ಕೋರ್‌ನಲ್ಲಿ ಉದ್ದ ತುಂಡುಗಳ ಪಾಲು) 20, ಬಿರುಕುಗಳ ಅಂತರಕ್ಕೆ 20, ಬಿರುಕಿನ ಸ್ಥಿತಿಗೆ 30, ನೀರಿಗೆ 15. ಅತಿ ಹೆಚ್ಚು ಅಂಕ ಬಿರುಕಿನ ಸ್ಥಿತಿಗೆ ಯಾಕೆ ಅಂತ ಅರ್ಥವಾದರೆ ಅರ್ಧ ಕಲಿತಂತೆ. ಕಲ್ಲು ಎಷ್ಟೇ ಗಟ್ಟಿ ಇರಲಿ, ನಡುವಿನ ಬಿರುಕಿನಲ್ಲಿ ಜೇಡಿ ತುಂಬಿದ್ದರೆ ಜಾರೋದು ಅಲ್ಲೇ.

ಈಗಿನ ಕೆಲಸದಲ್ಲೇ ಅಭ್ಯಾಸ ಶುರು ಮಾಡಬಹುದು. ಕೋರ್ ಬಾಕ್ಸ್ ಮುಂದೆ ಕೂತು 10 ಸೆಂ.ಮೀ. ಮತ್ತು ಅದಕ್ಕಿಂತ ಉದ್ದದ ತುಂಡುಗಳನ್ನು ಕೂಡಿಸಿ, ಕೊರೆದ ಉದ್ದದಿಂದ ಭಾಗಿಸಿ. ಬಹಳ ಜನ ತಪ್ಪೋದು ಎಲ್ಲಿ ಅಂದರೆ, ಡ್ರಿಲ್ಲಿಂಗ್‌ನಲ್ಲೋ ಬಾಕ್ಸಿಗೆ ಹಾಕುವಾಗಲೋ ಮುರಿದ ತುಂಡನ್ನೂ ಬಿರುಕು ಅಂತ ಎಣಿಸಿ ಆರ್‌ಕ್ಯೂಡಿ ಇಳಿಸಿಬಿಡ್ತಾರೆ. ಮುರಿದ ಮುಖ ತಾಜಾ, ಹೊಳೆಯುವ ಹಾಗಿದ್ದು ಎರಡು ತುಂಡು ಕಚ್ಚಿ ಕೂಡಿದರೆ ಅದು ಯಂತ್ರ ಮುರಿದದ್ದು, ಒಂದೇ ತುಂಡು ಅಂತ ಹಿಡಿಯಿರಿ. ಮುಖದ ಮೇಲೆ ಕಂದು ಕಲೆ, ಜೇಡಿಯ ಲೇಪ ಇದ್ದರೆ ನಿಜವಾದ ಬಿರುಕು. ಸಿಂಗಲ್ ಟ್ಯೂಬ್ ಬ್ಯಾರೆಲ್‌ನಲ್ಲಿ ತೆಗೆದ ಕೋರ್‌ಗೆ ಆರ್‌ಕ್ಯೂಡಿ ಬರೆಯೋದೇ ತಪ್ಪು.

ಯಾರೂ ಹೇಳದ ಇನ್ನೊಂದು ಕವಲು ಅಣೆಕಟ್ಟು ಸುರಕ್ಷತೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಂತೆ 15 ಮೀ.ಗಿಂತ ಎತ್ತರದ ಕಟ್ಟೆಗಳಿಗೂ, ಕೆಲವು ಷರತ್ತಿಗೆ ಒಳಪಟ್ಟು 10ರಿಂದ 15 ಮೀ.ನವಕ್ಕೂ ಮಳೆಗಾಲಕ್ಕೆ ಮುಂಚೆ, ಆಮೇಲೆ ತಪಾಸಣೆ ಆಗಬೇಕು, ತಜ್ಞರಿಂದ ಸಮಗ್ರ ಮೌಲ್ಯಮಾಪನವೂ ಆಗಬೇಕು. ಕನ್ನಂಬಾಡಿಯ ಸುರ್ಕಿ ಗಾರೆಯ ಕಟ್ಟಡ ಕಣ್ಣೆದುರಿಗಿದೆ, ಅದರ ಬುಡದಲ್ಲೇ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ಇದೆ. ಈ ಕವಲಿಗೆ ಬೇಕಾದ ಕೈಕೆಲಸ ಎರಡು. ಒಂದು ಪೀಜೋಮೀಟರ್ (ಮಣ್ಣಿನೊಳಗಿನ ನೀರಿನ ಒತ್ತಡದ ಮಾಪಕ) ಓದಿ ಏರಿಯೊಳಗಿನ ನೀರಿನ ಗೆರೆ ಎಳೆಯೋದು. ಇನ್ನೊಂದು ಶಿಲೆ ಎಷ್ಟು ನೀರು ಬಿಡುತ್ತೆ ಅಂತ ನೋಡುವ ಲ್ಯೂಜಾನ್ ಪರೀಕ್ಷೆ: ಬೋರ್ ಮುಚ್ಚುವ ಪ್ಯಾಕರ್ ಕಟ್ಟಿ, ಒತ್ತಡವನ್ನು ಐದು ಹಂತದಲ್ಲಿ ಏರಿಸಿ ಇಳಿಸಿ, ಪ್ರತಿ ಹಂತದಲ್ಲೂ ನೀರಿನ ಹರಿವು ಅಳೆಯೋದು. 10 ಬಾರ್ ಒತ್ತಡದಲ್ಲಿ ಮೀಟರಿಗೆ ನಿಮಿಷಕ್ಕೆ 1 ಲೀಟರ್ ಅಂದರೆ 1 ಲ್ಯೂಜಾನ್. ಏರಿಸುವಾಗ ಮತ್ತು ಇಳಿಸುವಾಗ ಒಂದೇ ಒತ್ತಡಕ್ಕೆ ಹರಿವು ಬೇರೆ ಬೇರೆ ಬಂದರೆ, ಬಿರುಕಿನ ಜೇಡಿ ಕೊಚ್ಚಿಹೋಗ್ತಿದೆಯೋ, ಕಟ್ಟಿಕೊಳ್ತಿದೆಯೋ ಅಂತ ಓದಬೇಕು. ಪ್ಯಾಕರ್ ಪಕ್ಕದಿಂದಲೇ ನೀರು ಸೋರಿ ಮೇಲೆ ಬರ್ತಿದ್ದರೆ ಆ ಪರೀಕ್ಷೆಯನ್ನು ರದ್ದು ಮಾಡಿ. ಅದು ಶಿಲೆಯ ಅಂಕಿ ಅಲ್ಲ.

ಜಿಯೋಗ್ರಿಡ್_18 ಉತ್ತರಿಸಿದ್ದು:

ಆರ್‌ಇ ವಾಲ್ ಕಡೆಯಿಂದ ಎರಡು ಸಾಲು. ಅಲ್ಲಿ ಕಲಿಯೋದು ಗ್ರಿಡ್‌ಗಿಂತ ಹಿಂಭಾಗದ ಮಣ್ಣಿನ ಬಗ್ಗೆ. 75 ಮೈಕ್ರಾನ್‌ಗಿಂತ ಸಣ್ಣ ಕಣ 15%ಗಿಂತ ಕಡಿಮೆ, ಪ್ಲಾಸ್ಟಿಸಿಟಿ ಇಂಡೆಕ್ಸ್ (ಮಣ್ಣಿನ ಜಿಗುಟುತನದ ಅಳತೆ) 6 ದಾಟಬಾರದು. ಮೈಸೂರಿನ ಕೆಮ್ಮಣ್ಣು ಸಾಮಾನ್ಯವಾಗಿ ಇಲ್ಲೇ ಫೇಲಾಗುತ್ತೆ. ಆದರೂ ಹತ್ತಿರ ಸಿಗುತ್ತೆ ಅಂತ ತುಂಬಿಸಿದರೆ ಮಳೆನೀರು ಒಳಗೆ ನಿಂತು ಪ್ಯಾನೆಲ್ ಹೊಟ್ಟೆ ಬಿಡುತ್ತೆ. ಗೋಡೆಯಿಂದ 1.5 ಮೀ. ಒಳಗೆ ಭಾರಿ ರೋಲರ್ ಬಿಡಬಾರದು, ಅಲ್ಲಿ ಪ್ಲೇಟ್ ಕಾಂಪ್ಯಾಕ್ಟರ್. ಈ ಕೆಲಸಕ್ಕೆ ಹೋದರೆ ಡಿಸೈನ್ ಮೇಜಿನಲ್ಲೇ ಕೂತುಬಿಡಬೇಡಿ, ವರ್ಷಕ್ಕೆ ಒಂದೆರಡು ಗೋಡೆ ಮೊದಲ ಸಾಲಿನಿಂದ ಕೊನೆಯವರೆಗೂ ನೋಡಲು ಅವಕಾಶ ಇದೆಯಾ ಅಂತ ಸೇರುವ ಮೊದಲೇ ಕೇಳಿ. ಇಲ್ಲ ಅಂದರೆ ಬೇಡ.

ಕೆಮ್ಮಣ್ಣು_ಮೈಸೂರು:

ಎಲ್ಲರಿಗೂ ಧನ್ಯವಾದ. ಇನ್ನೊಂದು ವರ್ಷ ಇಲ್ಲೇ ಇದ್ದು ಆಮೇಲೆ ಡಿಸೈನ್ ಕಡೆ ಅಂತ ಮನಸ್ಸು ವಾಲ್ತಿದೆ. ಎರಡು ಪ್ರಶ್ನೆ. "ಊಹೆಯನ್ನು ನಿಜದ ಪಕ್ಕ ಇಟ್ಟು ನೋಡೋದು" ಅಂದ್ರಲ್ಲ, ಚಿಕ್ಕ ಸಂಸ್ಥೆಯಲ್ಲಿ ಉಪಕರಣ ಇಲ್ಲದೆ ಹೇಗೆ? ಮತ್ತೆ ಟಿ. ನರಸೀಪುರದ ಕಡೆ ಎರೆಮಣ್ಣಿನಲ್ಲಿ ಒಂದೇ ಅಂತಸ್ತಿನ ಕಟ್ಟಡಕ್ಕೆ ವರದಿ ಬರೆಯಬೇಕಿದೆ, ಅದನ್ನೇ ಅಭ್ಯಾಸಕ್ಕೆ ಬಳಸಬಹುದಾ?

ಗರಸು_ಗುಂಡುಕಲ್ಲು:

ಆಟೋ ಲೆವೆಲ್ ಒಂದಿದ್ದರೆ ಸಾಕು. ಮೂರ್ನಾಲ್ಕು ಅಂತಸ್ತಿನ ಒಂದು ಕಟ್ಟಡ ಆರಿಸಿ, ಮಾಲೀಕರ ಒಪ್ಪಿಗೆ ಪಡೆದು ನಾಲ್ಕು ಮೂಲೆ ಕಾಲಂ ಮತ್ತು ನಡುವಿನ ಒಂದು ಕಾಲಂಗೆ ಪ್ಲಿಂತ್ ಮಟ್ಟದಲ್ಲಿ ಹಿತ್ತಾಳೆ ಇಲ್ಲವೇ ಸ್ಟೀಲ್ ಗುಬುಟು ಕೂರಿಸಿ. ಬೆಂಚ್‌ಮಾರ್ಕ್ ಕಟ್ಟಡದಿಂದ ದೂರ ಇರಲಿ, ನೆಲದಿಂದ ಎದ್ದ ಬಂಡೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಹೊಸ ಕಾಂಪೌಂಡ್ ಗೋಡೆಯನ್ನು ಮಾತ್ರ ಬೆಂಚ್‌ಮಾರ್ಕ್ ಮಾಡಬೇಡಿ, ಅದೂ ಕೂರ್ತಿರುತ್ತೆ. ಪ್ಲಿಂತ್ ಆದಾಗ ಒಮ್ಮೆ, ಪ್ರತಿ ಸ್ಲ್ಯಾಬ್ ಆದ ವಾರದಲ್ಲಿ ಒಮ್ಮೆ, ಮುಗಿದು ಆರು ತಿಂಗಳಿಗೆ ಒಮ್ಮೆ ಓದಿ. ಲೆವೆಲ್ ಮತ್ತು ಸ್ಟಾಫ್ ನಡುವಿನ ದೂರ ಎರಡೂ ಕಡೆ ಸಮ ಇದ್ದರೆ ಉಪಕರಣದ ದೋಷ ಕಳೆದುಹೋಗುತ್ತೆ. ಒಂದೆರಡು ಮಿಲಿಮೀಟರ್‌ವರೆಗೆ ನಂಬಬಹುದು. ಎಷ್ಟು ಕೂರುತ್ತೆ ಅಂತ ಐಎಸ್ 8009ರಂತೆ ಮೊದಲೇ ಲೆಕ್ಕ ಹಾಕಿ, ದಿನಾಂಕ ಬರೆದು ಇಟ್ಟಿರಿ. ಮರಳು ಮಣ್ಣಿನಲ್ಲಿ ಬಹುಪಾಲು ಕುಸಿತ ಕಟ್ಟುತ್ತಿರುವಾಗಲೇ ಆಗಿಹೋಗೋದರಿಂದ ಪ್ಲಿಂತ್ ಆದ ತಕ್ಷಣದ ಮೊದಲ ಓದು ತಪ್ಪಿದರೆ ಮಿಕ್ಕ ಓದುಗಳಿಗೆ ಅರ್ಥ ಕಡಿಮೆ. ಇಂಥ ಎರಡು ಸೈಟಿನ ಹಾಳೆ ಕೈಯಲ್ಲಿ ಇಟ್ಟುಕೊಂಡು ಡಿಸೈನ್ ಸಂದರ್ಶನಕ್ಕೆ ಹೋಗಿ. ಲೆಕ್ಕ 22 ಮಿ.ಮೀ. ಹೇಳಿ ಅಳತೆ 9 ಹೇಳಿದರೆ ಮುಚ್ಚಿಡಬೇಡಿ, ಯಾಕೆ ಅಂತ ವಿವರಿಸೋಕೆ ತಯಾರಾಗಿ. ಗರಸಿನಲ್ಲಿ ಹಳೇ ಬಂಧ ಉಳಿದಿದ್ದರೆ ಲೆಕ್ಕಕ್ಕಿಂತ ಕಡಿಮೆ ಕೂರೋದು ಸಹಜ.

ಎರೆಮಣ್ಣಿನ ಕಟ್ಟಡ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು, ಯಾಕಂದರೆ ಅಲ್ಲಿ ಎಸ್‌ಬಿಸಿ ಪ್ರಶ್ನೆಯೇ ಅಲ್ಲ. ಒಂದೇ ಅಂತಸ್ತು ಹಗುರ, ಮಣ್ಣು ಅದನ್ನು ಎತ್ತಿಬಿಡುತ್ತೆ. ಫ್ರೀ ಸ್ವೆಲ್‌ನಿಂದ (ನೀರಿನಲ್ಲಿ ಮಣ್ಣು ಎಷ್ಟು ಉಬ್ಬುತ್ತೆ ಅನ್ನೋ ಪರೀಕ್ಷೆ) ಶುರು ಮಾಡಿ: 425 ಮೈಕ್ರಾನ್ ಜರಡಿ ದಾಟಿದ ಒಣ ಮಣ್ಣು 10 ಗ್ರಾಂನಂತೆ ಎರಡು 100 ಮಿ.ಲೀ. ಜಾಡಿಗೆ, ಒಂದಕ್ಕೆ ಸೀಮೆಎಣ್ಣೆ, ಒಂದಕ್ಕೆ ಡಿಸ್ಟಿಲ್ಡ್ ನೀರು. ಗಾಳಿಗುಳ್ಳೆ ಹೋಗುವಂತೆ ಕಲಕಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ 10, ನೀರಿನಲ್ಲಿ 17 ಮಿ.ಲೀ. ನಿಂತರೆ 70%. ಐಎಸ್ 1498ರಲ್ಲಿ 50 ದಾಟಿದರೆ ಎಚ್ಚರಿಕೆ, 100 ದಾಟಿದರೆ ಹೆಚ್ಚು ಉಬ್ಬುವ ಮಣ್ಣು. 50 ದಾಟಿದ್ದರೆ ಕನ್ಸಾಲಿಡೋಮೀಟರ್‌ನಲ್ಲಿ (ಮಣ್ಣಿಗೆ ಭಾರ ಹೇರಿ ಕುಗ್ಗುವಿಕೆ, ಉಬ್ಬುವಿಕೆ ಅಳೆಯುವ ಉಪಕರಣ) ಉಬ್ಬುಒತ್ತಡ ಅಳೆಯಿರಿ. ಸ್ಯಾಂಪಲ್ ಮಳೆಗಾಲದ್ದಾದರೆ ಅದು ಆಗಲೇ ಉಬ್ಬಿರುತ್ತೆ, ಒತ್ತಡ ಸುಳ್ಳೇ ಕಡಿಮೆ ಬರುತ್ತೆ. ಹಾಗಾಗಿ ತೆಗೆದ ತಿಂಗಳು ಮತ್ತು ಆಗಿದ್ದ ತೇವಾಂಶ ಎರಡನ್ನೂ ವರದಿಯಲ್ಲಿ ಬರೆಯಿರಿ.

ಪರಿಹಾರದ ಆಯ್ಕೆಗೆ ಎರೆಮಣ್ಣಿನ ದಪ್ಪ ಬೇಕು. ಒಂದು, ಒಂದೂವರೆ ಮೀಟರಿಗೆ ಗರಸು ಸಿಕ್ಕರೆ ಫೂಟಿಂಗ್ ಅಲ್ಲಿಗೇ ಇಳಿಸಿ, ಸುತ್ತ ಗರಸು ತುಂಬಿ. ದಪ್ಪ ಹೆಚ್ಚಿದ್ದರೆ ಐಎಸ್ 2911 ಭಾಗ 3ರ ಅಂಡರ್‌ರೀಮ್ಡ್ ಪೈಲ್ (ಬುಡ ಅಗಲಿಸಿದ ನೆಲದೊಳಗಿನ ಕಂಬ), ಕನಿಷ್ಠ 3.5 ಮೀ. ಆಳಕ್ಕೆ, ಬುಡದ ಗುಬುಟು ಕಾಂಡದ ವ್ಯಾಸದ ಎರಡೂವರೆ ಪಟ್ಟು. ಬೀಮ್ ಅಡಿಯಲ್ಲಿ 80 ಮಿ.ಮೀ. ಖಾಲಿ ಜಾಗ ಬಿಡಲೇಬೇಕು. ಸೈಟಿನಲ್ಲಿ ಬೀಮ್‌ಗೆ ಕಾಂಕ್ರೀಟ್ ಹಾಕುವ ಮೊದಲು ಆ ಜಾಗವನ್ನು ಮಣ್ಣಿನಿಂದಲೇ ಸಮ ಮಾಡಿ ಮೇಲೆ ಪ್ಲಾಸ್ಟಿಕ್ ಹಾಸಿಬಿಡ್ತಾರೆ, ಮುಂದಿನ ಮಳೆಗೆ ಮಣ್ಣು ನೇರ ಬೀಮನ್ನೇ ತಳ್ಳುತ್ತೆ, ಗೋಡೆ ಕಿಟಕಿ ಮೂಲೆಯಿಂದ ಓರೆಯಾಗಿ ಸೀಳುತ್ತೆ. ವರದಿಯಲ್ಲಿ ಆ 80 ಮಿ.ಮೀ.ಗೆ ಒಂದು ಚಿತ್ರ ಬರೆದು ಕೊಡಿ, ಕಾಂಕ್ರೀಟ್ ಹಾಕುವ ಹಿಂದಿನ ದಿನ ನೀವೇ ಹೋಗಿ ಟೇಪ್ ಹಿಡಿದು ನೋಡಿ.